ಲಿಸ್ಬನ್ನಿನ ಮಂತ್ರಿಯೂ ಮೈಸೂರು ಸೀಮೆಯ ಕ್ರೈಸ್ತರೂ

ನವೆಂಬರ್ 1 ನಮಗೆ ಎರಡು ಹಬ್ಬಗಳ ದಿನ. ಬಟವಾಡಿಯಲ್ಲಿರಲಿ, ಗುಬ್ಬಿ ಕುಣಿಗಲ್ಲುಗಳಲ್ಲಿರಲಿ, ಅಂದು ನಾವು ಸಕಲ ಸಂತರ ಹಬ್ಬವನ್ನೂ ಕನ್ನಡ ರಾಜ್ಯೋತ್ಸವವನ್ನೂ ಆಚರಿಸುತ್ತೇವೆ. 1755ರ ಸಕಲ ಸಂತರ ಹಬ್ಬದ ಬೆಳಗ್ಗೆ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಭೂಕಂಪಕ್ಕೆ ತುತ್ತಾಯಿತು. ಆ ದುರಂತದಿಂದ ಪ್ರಬಲನಾದ ಮಂತ್ರಿಯೊಬ್ಬನ ಆಜ್ಞೆ ಮುಂದೆ ನಮ್ಮ ಮೈಸೂರು ಸೀಮೆಯ ಕ್ರೈಸ್ತರ ಬಾಳನ್ನೂ ತಟ್ಟಿತು. ಆತನೇ ಪೊಂಬಾಲ್ ಮಾರ್ಕ್ವಿಸ್ ಎಂದು ಇತಿಹಾಸದಲ್ಲಿ ಪ್ರಸಿದ್ಧನಾದ ಸೆಬಾಸ್ಟಿಯಾವೊ ಜೋಸೆ ಡಿ ಕಾರ್ವಾಲೊ.

1699ರ ಮೇ 13ರಂದು ಲಿಸ್ಬನ್ನಿನಲ್ಲಿ ಜನಿಸಿದ ಈತ ಲಂಡನ್ ಮತ್ತು ವಿಯೆನ್ನಾ ನಗರಗಳಲ್ಲಿ ರಾಯಭಾರಿಯಾಗಿದ್ದು, 1750ರಲ್ಲಿ ದೊರೆ ಒಂದನೆಯ ಜೋಸೆಫನ ಮಂತ್ರಿಯಾದನು. ಭೂಕಂಪವಾದಾಗ ಜನರು ದೇವಾಲಯಗಳಲ್ಲಿ ಬಲಿಪೂಜೆಗೆ ಸೇರಿದ್ದರು. ಕಟ್ಟಡಗಳು ಕುಸಿದವು, ಸಮುದ್ರ ಉಕ್ಕಿ ಬಂದಿತು, ಬೆಂಕಿ ದಿನಗಟ್ಟಲೆ ಉರಿಯಿತು. ಅಸಂಖ್ಯಾತ ಜನರು ಮಡಿದರು. ದೊರೆ ಕಂಗೆಟ್ಟು ಕುಳಿತಾಗ ಕಾರ್ವಾಲೊ ಎದೆಗುಂದಲಿಲ್ಲ. ಸಾಂಕ್ರಾಮಿಕ ರೋಗ ಹರಡದಂತೆ ಶವಸಂಸ್ಕಾರ, ಹಸಿದವರಿಗೆ ಧಾನ್ಯ, ಲೂಟಿಕೋರರಿಗೆ ಗಲ್ಲು, ಎಲ್ಲವನ್ನೂ ತಾನೇ ನಿಂತು ನಡೆಸಿದನು. ಕಂಪನ ಎಷ್ಟು ಹೊತ್ತಿತ್ತು, ಸತ್ತವರೆಷ್ಟು ಎಂದು ಪ್ರತಿ ಧರ್ಮಕೇಂದ್ರದ ಗುರುಗಳಿಗೂ ಪ್ರಶ್ನಾವಳಿ ಕಳುಹಿಸಿದನು. ಗೋಡೆಯೊಳಗೆ ಮರದ ಚೌಕಟ್ಟನ್ನಿಟ್ಟು ಭೂಕಂಪವನ್ನು ತಾಳುವ ಮನೆಗಳನ್ನೂ ನೇರವಾದ ಅಗಲ ಬೀದಿಗಳನ್ನೂ ಕಟ್ಟಿಸಿದನು.

ಆತನ ಸುಧಾರಣೆಗಳು ಕಡಿಮೆಯವಲ್ಲ. 1761ರಲ್ಲಿ ಪೋರ್ಚುಗಲ್ಲಿನೊಳಕ್ಕೆ ಗುಲಾಮರನ್ನು ತರುವುದನ್ನು ನಿಷೇಧಿಸಲಾಯಿತು. ಅದೇ ವರ್ಷದ ಏಪ್ರಿಲ್ 2ರ ರಾಜಾಜ್ಞೆ ಗೋವೆ ಮೊದಲಾದ ಏಷ್ಯಾದ ನೆಲೆಗಳ ಸ್ಥಳೀಯ ಕ್ರೈಸ್ತರಿಗೆ ಪೋರ್ಚುಗೀಸರ ಸರಿಸಮಾನ ಸ್ಥಾನ ನೀಡಿತು. 1772ರಲ್ಲಿ ಕೊಯಿಂಬ್ರಾ ವಿಶ್ವವಿದ್ಯಾನಿಲಯ ಹೊಸ ರೂಪ ಪಡೆಯಿತು.

ಆದರೆ ಎದುರು ನಿಂತವರನ್ನು ಕ್ಷಮಿಸುವುದು ಆತನಿಗೆ ತಿಳಿದಿರಲಿಲ್ಲ. 1758ರಲ್ಲಿ ದೊರೆಯ ಮೇಲೆ ಗುಂಡು ಹಾರಿದಾಗ ಆ ಆಪಾದನೆಯನ್ನು ಟಾವೊರಾ ಮನೆತನದ ಮೇಲೆ ಹೊರಿಸಿ, ಮರುವರ್ಷ ಅವರನ್ನು ಕ್ರೂರವಾಗಿ ಕೊಲ್ಲಿಸಲಾಯಿತು. ಸಂಚಿನಲ್ಲಿ ಯೇಸುಸಭೆಯ ಗುರುಗಳೂ ಸೇರಿದ್ದಾರೆಂದು ದೂರಿ, 1759ರಲ್ಲಿ ಅವರನ್ನು ಪೋರ್ಚುಗಲ್ಲಿನಿಂದಲೂ ಅದರ ಎಲ್ಲ ವಸಾಹತುಗಳಿಂದಲೂ ಹೊರಗಟ್ಟಲಾಯಿತು. ಭೂಕಂಪವು ದೇವರ ಶಿಕ್ಷೆಯೆಂದು ಸಾರಿದ್ದ ವೃದ್ಧ ಗುರು ಗಾಬ್ರಿಯೆಲ್ ಮಲಗ್ರಿಡಾ 1761ರಲ್ಲಿ ಮರಣದಂಡನೆಗೆ ಗುರಿಯಾದರು.

ಇದರ ಪೆಟ್ಟು ನಮ್ಮ ನಾಡಿಗೂ ಬಿದ್ದಿತು. ಹದಿನೇಳನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದವರು ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ. ಆ ಮಿಷನ್ನಿಗೆ ಗುರುಗಳು ಬರುತ್ತಿದ್ದುದು ಗೋವೆಯ ಮೂಲಕ. ಮೈಸೂರು ಪೋರ್ಚುಗಲ್ಲಿನ ಆಳ್ವಿಕೆಗೆ ಸೇರಿರಲಿಲ್ಲ, ನಿಜ. ಆದರೆ ಗೋವೆಯ ಗುರುಗಳು ಬಂಧಿತರಾಗಿ ಹಡಗು ಹತ್ತಿದ ಮೇಲೆ ಇಲ್ಲಿಗೆ ಹೊಸಬರು ಬರುವ ದಾರಿಯೇ ಮುಚ್ಚಿಹೋಯಿತು. 1773ರಲ್ಲಿ ಪೋಪ್ 14ನೆಯ ಕ್ಲೆಮೆಂಟರು ಯೇಸುಸಭೆಯನ್ನೇ ವಿಸರ್ಜಿಸಿದರು.

1777ರಲ್ಲಿ ದೊರೆ ತೀರಿಕೊಂಡೊಡನೆ ಪೊಂಬಾಲನ ಅಧಿಕಾರವೂ ಮುಗಿಯಿತು. ರಾಣಿ ಒಂದನೆಯ ಮರಿಯಾ ಆತನನ್ನು ಪದವಿಯಿಂದ ಇಳಿಸಿದಳು, ಸೆರೆಮನೆಗಳಲ್ಲಿ ಕೊಳೆಯುತ್ತಿದ್ದವರು ಬಿಡುಗಡೆಯಾದರು. ವಿಚಾರಣೆಯಲ್ಲಿ ಆತ ತಪ್ಪಿತಸ್ಥನೆಂದು ತೀರ್ಮಾನವಾದರೂ ಮುಪ್ಪನ್ನು ಕಂಡು ದಂಡನೆಯನ್ನು ಬಿಡಲಾಯಿತು. ತಾನು ಯಾರಿಗೂ ತೋರದ ದಯೆ ಕಡೆಗೆ ಆತನಿಗೇ ದೊರೆಯಿತು. 1782ರ ಮೇ 8ರಂದು ಆತ ಪೊಂಬಾಲ್ ಪಟ್ಟಣದಲ್ಲಿ ನಿಧನನಾದನು. 1814ರಲ್ಲಿ ಪೋಪ್ 7ನೆಯ ಪಯಸರು ಯೇಸುಸಭೆಯನ್ನು ಪುನಃ ಸ್ಥಾಪಿಸಿದರು.

ಇತ್ತ, 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಪ್ಯಾರಿಸ್ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬ್ವಾ ಶ್ರೀರಂಗಪಟ್ಟಣಕ್ಕೆ ಬಂದರು. ನಮ್ಮ ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಚದುರಿದ್ದರೂ ಕ್ರೈಸ್ತ ಕುಟುಂಬಗಳು ಇಲ್ಲಿ ಇನ್ನೂ ಇದ್ದವು. ನಾಲ್ಕು ದಶಕಗಳ ಸಂಕಷ್ಟದಲ್ಲಿ ವಿಶ್ವಾಸವನ್ನು ಉಳಿಸಿದ್ದು ಬಹುಪಾಲು ತಂದೆತಾಯಂದಿರು, ಮನೆಯ ಹಿರಿಯರು ಎಂದೇ ನಾವು ನಂಬುತ್ತೇವೆ.

ಕುಸಿದ ನಗರವನ್ನು ಎತ್ತಿ ನಿಲ್ಲಿಸಿದ ಪೊಂಬಾಲನ ಸಾಮರ್ಥ್ಯವನ್ನು ನಾವು ಅಲ್ಲಗಳೆಯಲಾರೆವು, ಆತನಿಂದ ನೊಂದವರನ್ನು ಮರೆಯಲೂ ಆರೆವು. ಸಕಲ ಸಂತರ ಹಬ್ಬದ ಮರುದಿನ ಮೃತರಿಗಾಗಿ ಪ್ರಾರ್ಥಿಸುವಾಗ ಆ ಗುರುಗಳನ್ನೂ, ಹೆಸರು ಉಳಿಯದ ಆ ಹಿರಿಯರನ್ನೂ, ಜೊತೆಗೆ ಆ ಮಂತ್ರಿಯನ್ನೂ ನೆನೆಯೋಣ.