ರೋಮಿನ ದೊರೆಗಳ ಮುಖ, ಚಂದ್ರವಳ್ಳಿಯ ಮಣ್ಣು

ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರೆಂದು ಡಾ. ಎಂ.ಎಚ್. ಕೃಷ್ಣ ಅವರನ್ನು ನಾಡು ನೆನೆಯುತ್ತದೆ. ಆದರೆ ಅವರು ಮೂಲತಃ ನಾಣ್ಯಶಾಸ್ತ್ರಜ್ಞರು. ಚಿತ್ರದುರ್ಗದ ಮಣ್ಣಿನಲ್ಲಿ ದೊರೆತ ರೋಮನ್ ನಾಣ್ಯಗಳಿಂದ ಅವರು ಕರ್ನಾಟಕದ ಪ್ರಾಚೀನತೆಗೆ ಕಾಲದ ಗುರುತು ಹಾಕಿದ ಕಥೆ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ.

1892ರಲ್ಲಿ ಮೈಸೂರಿನಲ್ಲಿ ಜನಿಸಿದ ಕೃಷ್ಣ, ಲಂಡನ್ ವಿಶ್ವವಿದ್ಯಾಲಯದಲ್ಲಿ ದಖ್ಖನಿನ ನಾಣ್ಯಗಳನ್ನು ಕುರಿತು ಸಂಶೋಧನೆ ನಡೆಸಿ ಡಿ.ಲಿಟ್. ಪದವಿ ಪಡೆದರು. ಸ್ವದೇಶಕ್ಕೆ ಮರಳಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಬೋಧಿಸಿದರು. ಆರ್. ಶಾಮಾಶಾಸ್ತ್ರಿಗಳ ಬಳಿಕ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾದರು.

ಅದಕ್ಕೂ ಮೊದಲೇ ನಮ್ಮ ನಾಡಿನಲ್ಲಿ ರೋಮನ್ ನಾಣ್ಯಗಳು ದೊರೆತಿದ್ದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ನಿಧಿಯಲ್ಲಿ 163 ಬೆಳ್ಳಿ ನಾಣ್ಯಗಳಿದ್ದವು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣಸಿಗುವ ಇಂತಹ ದಿನಾರಿಯಸ್‌ಗಳು ಎರಡು ಬಗೆಯವು. ಒಂದರ ಮುಮ್ಮುಖದಲ್ಲಿ ಸಾಮ್ರಾಟ ಅಗಸ್ಟಸನ ಶಿರ, ಹಿಮ್ಮುಖದಲ್ಲಿ ಗುರಾಣಿಗಳೊಡನೆ ನಿಂತ ಅವನ ದತ್ತುಪುತ್ರರಿಬ್ಬರು. ಇನ್ನೊಂದರಲ್ಲಿ ಎಲೆಯ ಮಾಲೆ ಮುಡಿದ ಟೈಬೀರಿಯಸ್, ಹಿಂಬದಿಯಲ್ಲಿ ಆಸೀನಳಾದ ಸ್ತ್ರೀ. ಇಂದಿನ ಫ್ರಾನ್ಸಿನ ಲಿಯೋನ್‌ನಲ್ಲಿ ಟಂಕಿಸಲ್ಪಟ್ಟ ಈ ನಾಣ್ಯಗಳು ಮೆಣಸು, ಹತ್ತಿಬಟ್ಟೆ, ರತ್ನಗಳ ಬೆಲೆಯಾಗಿ ಕಡಲು ದಾಟಿ ಬಂದವು. ಭಾರತದ ವ್ಯಾಪಾರಕ್ಕೆ ವರ್ಷಂಪ್ರತಿ ಐದು ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆಯೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಅವನು ಹೆಸರಿಸುವ ನೈತ್ರಿಯಾಸ್ ಎಂಬ ಸ್ಥಳವನ್ನು ವಿದ್ವಾಂಸರು ನಮ್ಮ ಕರಾವಳಿಯ ನೇತ್ರಾವತಿಯೊಂದಿಗೆ ಗುರುತಿಸಿದ್ದಾರೆ.

ನಿಧಿಯಾಗಿ ಹೂತಿಟ್ಟ ನಾಣ್ಯ ಸಂಪತ್ತಿನ ಕಥೆಯನ್ನಷ್ಟೇ ಹೇಳುತ್ತದೆ. 1929ರಲ್ಲಿ ಚಂದ್ರವಳ್ಳಿಯಲ್ಲಿ ಉತ್ಖನನಕ್ಕೆ ಕೈಹಾಕಿದ ಕೃಷ್ಣರಿಗೆ ದೊರೆತದ್ದು ಬೇರೆಯೇ ಬಗೆಯ ಸಾಕ್ಷ್ಯ. ವಾಸ್ತುಗಳ ಅವಶೇಷ, ಮಡಕೆಚೂರು ಹಾಗೂ ಶಾತವಾಹನರ ನಾಣ್ಯಗಳು ದೊರೆತ ನೆಲೆಯಲ್ಲೇ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ದೊರೆತವು. ಶಾತವಾಹನರ ನಾಣ್ಯಗಳಲ್ಲಿ ಇಸವಿಯಿಲ್ಲ. ಅಗಸ್ಟಸ್ ತೀರಿಕೊಂಡದ್ದು ಕ್ರಿ.ಶ. 14ರಲ್ಲಿ, ಟೈಬೀರಿಯಸ್ 37ರಲ್ಲಿ ಎಂಬುದು ಮಾತ್ರ ಖಚಿತ. ನಾಣ್ಯ ಟಂಕಿಸಿದ ಮೇಲೆ ಬಹುಕಾಲ ಚಲಾವಣೆಯಲ್ಲಿ ಇದ್ದಿರಬಹುದು. ಆದರೆ ಅದು ದೊರೆತ ಪದರ ಟಂಕಿಸಿದ ವರ್ಷಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೀಗೆ ದೂರದ ದೊರೆಯ ಮುಖ ಇಲ್ಲಿನ ಊರಿನ ಕಾಲವನ್ನು ಅಳೆಯುವ ಸಾಧನವಾಯಿತು. ಕದಂಬ ಮಯೂರಶರ್ಮನ ಶಾಸನವನ್ನೂ ಕೃಷ್ಣ ಅದೇ ಚಂದ್ರವಳ್ಳಿಯಲ್ಲಿ ಪತ್ತೆಹಚ್ಚಿದರು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿಯಲ್ಲೂ ಅಗೆತ ನಡೆಸಿದರು.

1947ರಲ್ಲಿ ಮಾರ್ಟಿಮರ್ ವೀಲರ್ ಇವೆರಡೂ ಸ್ಥಳಗಳಲ್ಲಿ ಪದರಪದರವಾಗಿ ಉತ್ಖನನ ಮಾಡಿ, ದಕ್ಷಿಣ ಭಾರತದ ಬೃಹತ್‌ಶಿಲಾ ಸಂಸ್ಕೃತಿಗೆ ಕಾಲಕ್ರಮ ಒದಗಿಸಿದರು. ಜಗತ್ತಿನ ಗ್ರಂಥಗಳಲ್ಲಿ ಬ್ರಹ್ಮಗಿರಿ ವೀಲರ್ ಹೆಸರಿನೊಂದಿಗೆ ಬೆಸೆದುಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೃಷ್ಣ ನಿಧನರಾದರು. ದಾರಿ ತೋರಿದವರ ಹೆಸರು ಅಡಿಟಿಪ್ಪಣಿಗೆ ಸರಿಯಿತು.

ವಸ್ತುವನ್ನು ಅದರ ನೆಲದಲ್ಲೇ ಓದಬೇಕೆಂಬ ನಿಷ್ಠೆ ಕರಾವಳಿಗೂ ಹೊಸದಲ್ಲ. ಕಾಪು ಸಮೀಪದ ಪಾದೂರಿನ ಡಾ. ಗುರುರಾಜ ಭಟ್ಟರು ಊರೂರು ತಿರುಗಿ, ಗುಡಿ ಶಾಸನಗಳನ್ನು ಪರಿಶೀಲಿಸಿ, 1975ರಲ್ಲಿ ತುಳುನಾಡಿನ ಇತಿಹಾಸದ ಬೃಹದ್ಗ್ರಂಥವನ್ನು ಹೊರತಂದರು.

ಇಂದು ಉಡುಪಿಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ ನಾಣ್ಯಸಂಗ್ರಹದ ಹವ್ಯಾಸಿಗಳಿಗೆ ರೋಮನ್ ದೊರೆಯ ಮುಖವೊಂದು ಕೈಸೇರಿದರೆ ಹಿಗ್ಗುವುದು ಸಹಜ. ಆದರೆ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯಿದೆ ಹೇಳುತ್ತದೆ. ಕಾನೂನಿಗಿಂತ ದೊಡ್ಡ ಕಾರಣವನ್ನು ಕೃಷ್ಣರ ಬಾಳು ತೋರಿಸಿದೆ: ಎಲ್ಲಿ, ಯಾವುದರ ಜೊತೆ ಸಿಕ್ಕಿತೆಂಬ ವಿವರ ಕಳೆದುಕೊಂಡ ನಾಣ್ಯದಲ್ಲಿ ರೋಮಿನ ದೊರೆ ಉಳಿಯುತ್ತಾನೆ, ಕರ್ನಾಟಕದ ಚರಿತ್ರೆ ಮಾತ್ರ ಅಳಿಸಿಹೋಗುತ್ತದೆ.