ಡೇಟಾ ಹ್ಯಾಂಡ್‌ಬುಕ್ಕಿನ ರೇಲೀ

ಹೀಟ್ ಟ್ರಾನ್ಸ್‌ಫರ್ ಪರೀಕ್ಷೆಗೆ ಕೂತವರೆಲ್ಲ ಹ್ಯಾಂಡ್‌ಬುಕ್ಕಿನಲ್ಲಿ ರೇಲೀ ನಂಬರ್ ಹುಡುಕಿರ್ತೀವಿ. ಆ ರೇಲೀ ನಿಜಕ್ಕೂ ಒಬ್ಬ ಲಾರ್ಡ್. ಮೂಲ ಹೆಸರು ಜಾನ್ ವಿಲಿಯಂ ಸ್ಟ್ರಟ್, ಹುಟ್ಟಿದ್ದು 1842ರಲ್ಲಿ, ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ. 1865ರ ಕೇಂಬ್ರಿಡ್ಜ್ ಗಣಿತ ಪರೀಕ್ಷೆಯಲ್ಲಿ ಮೊದಲಿಗ. 1872ರಲ್ಲಿ ಜ್ವರದಿಂದ ಹಾಸಿಗೆ ಹಿಡಿದು, ಚೇತರಿಸಿಕೊಳ್ಳೋಕೆ ಈಜಿಪ್ಟಿಗೆ ಹೋದ. ಅಲ್ಲೂ ಸುಮ್ಮನೆ ಕೂರಲಿಲ್ಲ. ನೈಲ್ ನದಿಯ ದೋಣಿಯಲ್ಲೇ ಶಬ್ದಶಾಸ್ತ್ರದ ದೊಡ್ಡ ಪುಸ್ತಕ ಶುರು ಮಾಡಿದ. ಆರ್ಗಾನ್ ಕಂಡುಹಿಡಿದದ್ದಕ್ಕೆ 1904ರಲ್ಲಿ ನೊಬೆಲ್ ಬಂತು.

ನಮಗೆ ಬೇಕಾದ ಕತೆ ಆತ ಎಪ್ಪತ್ತು ದಾಟಿದ ಮೇಲಿನದು. ಫ್ರಾನ್ಸಿನ ಬೆನಾರ್ 1900ರ ಹೊತ್ತಿಗೆ ತೆಳು ದ್ರವದ ಪದರವನ್ನು ಕೆಳಗಿಂದ ಕಾಯಿಸಿ, ಜೇನುಗೂಡಿನಂಥ ಷಟ್ಕೋನಗಳನ್ನು ಕಂಡಿದ್ದ. ಯಾಕೆ ಹಾಗೆ? ಕೆಳಗಿನ ದ್ರವ ಬಿಸಿಯಾಗಿ ಹಗುರಾದರೆ ಮೇಲೇಳುತ್ತೆ, ಅಷ್ಟೇ ತಾನೇ ಅಂತೀವಿ. ಅಷ್ಟೇ ಅಲ್ಲ ಅಂತ 1916ರಲ್ಲಿ ರೇಲೀ ಲೆಕ್ಕ ಹಾಕಿ ತೋರಿಸಿದ. ಸ್ನಿಗ್ಧತೆ ಹರಿವನ್ನು ಎಳೆದು ಹಿಡಿಯುತ್ತೆ, ಉಷ್ಣವಹನ ಬಿಸಿಯನ್ನು ಸುತ್ತ ಹಂಚಿಬಿಡುತ್ತೆ. ಇವೆರಡನ್ನೂ ಮೀರಿದಾಗ ಮಾತ್ರ ದ್ರವ ಕದಲುತ್ತೆ. ಮೇಲೆ ಕೆಳಗೆ ಗಟ್ಟಿ ತಟ್ಟೆಗಳಿದ್ದರೆ ಆ ಗಡಿ ಸುಮಾರು 1708. ಪದರದ ದಪ್ಪ ಸೂತ್ರದಲ್ಲಿ ಘನವಾಗಿ ಬರೋದ್ರಿಂದ, ದಪ್ಪ ಎರಡರಷ್ಟಾದ್ರೆ ನಂಬರ್ ಎಂಟರಷ್ಟು.

ತಮಾಷೆ ಅಂದ್ರೆ, ಬೆನಾರ್‌ನ ಷಟ್ಕೋನಗಳಿಗೆ ಮುಖ್ಯ ಕಾರಣ ಇದಲ್ಲವೇ ಅಲ್ಲ! ಅವನ ಪದರದ ಮೇಲ್ಭಾಗ ಗಾಳಿಗೆ ತೆರೆದಿತ್ತು. ಅಲ್ಲಿ ಕೆಲಸ ಮಾಡಿದ್ದು ಮೇಲ್ಮೈ ಎಳೆತ. ಇದು ಸ್ಪಷ್ಟವಾದದ್ದು 1950ರ ದಶಕದಲ್ಲಿ. ರೇಲೀ 1919ರಲ್ಲೇ ತೀರಿಕೊಂಡಿದ್ದ. ಲೆಕ್ಕ ಮಾತ್ರ ಸರಿಯಾಗೇ ಇತ್ತು, ಬೇರೆ ಪ್ರಶ್ನೆಗೆ.

ಆ ನಂಬರನ್ನು ಕೋಟಿಗಳಾಚೆ ಏರಿಸಿದರೆ ಷಟ್ಕೋನ, ಸುರುಳಿ ಎಲ್ಲ ಚೆದುರಿ ಹರಿವು ಪ್ರಕ್ಷುಬ್ಧವಾಗುತ್ತೆ. ಆದರೂ ಬಿಸಿ ತಟ್ಟೆಗೆ ಅಂಟಿದ ತೆಳು ಪದರದಲ್ಲಿ ಒಂದು ಬಗೆಯ ಶಿಸ್ತು ಉಳಿದಿರುತ್ತೆ. ಅಲ್ಲಿಂದ ಬಿಸಿ ದ್ರವ ಪರದೆಯಂಥ ಹಾಳೆಗಳಾಗಿ ಏಳುತ್ತೆ, ಇವೇ ಪ್ಲೂಮ್‌ಗಳು. ಮೇಲಿಂದ ನೋಡಿದರೆ ಗೆರೆಗಳ ಬಲೆ. ಅಕ್ಕಪಕ್ಕದ ಗೆರೆಗಳು ಸರಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಖಾಲಿಯಾದ ಜಾಗದಲ್ಲಿ ಹೊಸವು ಹುಟ್ಟುತ್ತವೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಈ ಬಲೆಯನ್ನು ಬಿಸಿಯ ಬದಲು ಉಪ್ಪುನೀರಿನ ಸಾಂದ್ರತೆಯಿಂದ ಹುಟ್ಟಿಸಿ ಅಧ್ಯಯನ ಮಾಡಿದ್ದಾರೆ. ಅಲ್ಲೂ ಅಳತೆಗೋಲು ರೇಲೀ ನಂಬರೇ.