ಸಿನಿಮಾ ಹಾಡು ನಿಲ್ಲಿಸಿದ ಮಂತ್ರಿ

ದೊಡ್ಡಬಳ್ಳಾಪುರದಿಂದ ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿಗೆ ಕಾಲೇಜಿಗೆ ಹೋಗುವವರಿಗೆ ಇದು ಗೊತ್ತಿರುತ್ತದೆ. ಯಾವುದೋ ಹೊಸ ಸಿನಿಮಾದ ಹಾಡು ಯಲಹಂಕ ದಾಟುವಷ್ಟರಲ್ಲಿ ಎಫ್‌ಎಂನಲ್ಲಿ ಎರಡು ಸಲ ಬಂದಿರುತ್ತದೆ. ಇನ್ನೊಂದು ಒಳ್ಳೆಯ ಹಾಡು ವಾರ ಕಳೆದರೂ ಬರುವುದಿಲ್ಲ. ಇದನ್ನು ಆರಿಸುವವರು ಯಾರು? ಈಗ ಸ್ಟೇಷನ್ನುಗಳಲ್ಲಿ ಅದಕ್ಕೆಂದೇ ಸಂಬಳದವರು ಇದ್ದಾರೆ. ಒಂದು ಕಾಲದಲ್ಲಿ ಇಡೀ ದೇಶ ಏನು ಕೇಳಬೇಕು ಎಂಬುದನ್ನು ಒಬ್ಬ ಮಂತ್ರಿಯೇ ತೀರ್ಮಾನಿಸಿದ್ದರು. ಅವರೇ ಬಿ.ವಿ. ಕೇಸ್ಕರ್.

ಬಾಲಕೃಷ್ಣ ವಿಶ್ವನಾಥ ಕೇಸ್ಕರ್ ಹುಟ್ಟಿದ್ದು 1903ರಲ್ಲಿ, ಮರಾಠಿ ಮನೆತನದಲ್ಲಿ. ಕಾಶಿಯಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದರು. ಹಿಂದೂಸ್ತಾನಿ ಸಂಗೀತ ಕಲಿತವರು, ಧ್ರುಪದ್ ಎಂದರೆ ಪ್ರಾಣ. 1952ರಲ್ಲಿ ನೆಹರೂ ಸರ್ಕಾರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ಅವರಿಗೆ ಬಂತು. ಹತ್ತು ವರ್ಷ ಅವರ ಬಳಿಯೇ ಉಳಿಯಿತು.

ರಾಜರ ಆಸ್ಥಾನಗಳು ಹೋದ ಮೇಲೆ ವಿದ್ವಾಂಸರನ್ನು ಸಾಕುವವರು ಯಾರು ಎಂಬ ಚಿಂತೆ ಅವರಿಗಿತ್ತು. ಆ ಜಾಗಕ್ಕೆ ರೇಡಿಯೊ ಬರಬೇಕು ಎಂದು ನಂಬಿದರು. ಇಲ್ಲಿಯವರೆಗೆ ಸರಿಯೇ. ಆದರೆ ಸಿನಿಮಾ ಹಾಡು ಪಾಶ್ಚಾತ್ಯ ಧಾಟಿಯ ಅಗ್ಗದ ಸರಕು ಎಂದೂ ನಂಬಿದ್ದರು. ಹಾಗಾಗಿ ಪ್ರಸಾರದಲ್ಲಿ ಅದರ ಪಾಲನ್ನು ಶೇ 10ಕ್ಕೆ ಇಳಿಸಿದರು. ಆ ಹತ್ತಕ್ಕೂ ಜರಡಿ. ಸಿನಿಮಾದ ಹೆಸರು ಹೇಳಿದರೆ ಜಾಹೀರಾತಾಗುತ್ತದೆಂದು ಗಾಯಕರ ಹೆಸರನ್ನಷ್ಟೇ ಹೇಳುವ ನಿಯಮ ಬಂತು. ಸಿಟ್ಟಾದ ನಿರ್ಮಾಪಕರು ಪ್ರಸಾರದ ಹಕ್ಕನ್ನೇ ಹಿಂತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಸಿನಿಮಾ ಹಾಡು ಸರ್ಕಾರಿ ರೇಡಿಯೊದಿಂದ ಹೆಚ್ಚುಕಡಿಮೆ ಮಾಯವಾಯಿತು.

ಕೇಳುಗರು ಜಗಳಕ್ಕೇನೂ ಹೋಗಲಿಲ್ಲ, ಸುಮ್ಮನೆ ಮುಳ್ಳು ತಿರುಗಿಸಿದರು. ರೇಡಿಯೊ ಸಿಲೋನ್ ಶಾರ್ಟ್‌ವೇವ್‌ನಲ್ಲಿ ದೇಶದ ಉದ್ದಗಲಕ್ಕೂ ಕೇಳುತ್ತಿತ್ತು. ಅದೇ ಡಿಸೆಂಬರಿನಲ್ಲಿ ಅಲ್ಲಿ ಅಮೀನ್ ಸಯಾನಿ ದನಿಯ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಯಾವ ಹಾಡು ಮೇಲೆ, ಯಾವುದು ಕೆಳಗೆ ಎಂಬುದನ್ನು ಮುಂದೆ ಅಲ್ಲಿ ರೆಕಾರ್ಡ್ ಅಂಗಡಿಗಳ ಮಾರಾಟ ಮತ್ತು ಶ್ರೋತೃ ಸಂಘಗಳ ಪತ್ರಗಳನ್ನು ನೋಡಿ ನಿರ್ಧರಿಸುತ್ತಿದ್ದರು. ಇಂದಿನ ಎಫ್‌ಎಂನವರು ಹಾಡಿನ ಕೆಲವು ಸೆಕೆಂಡಿನ ತುಣುಕನ್ನು ಕೇಳುಗರಿಗೆ ಫೋನಿನಲ್ಲಿ ಕೇಳಿಸಿ ಇಷ್ಟವಾಯಿತೇ ಎಂದು ವಿಚಾರಿಸುವುದು ಇದರದೇ ಮುಂದುವರಿಕೆ. ಲೆಕ್ಕದ ದಾರಿಯೂ ಪೂರ್ತಿ ನ್ಯಾಯದ್ದೆಂದು ನನಗೆ ಅನ್ನಿಸುವುದಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾದರೂ, ಮೊದಮೊದಲು ಇಲ್ಲಿನ ಖಾಸಗಿ ಎಫ್‌ಎಂಗಳಲ್ಲಿ ಹಿಂದಿ ಹಾಡುಗಳದ್ದೇ ಕಾರುಬಾರು. ಯಾರನ್ನು ಕೇಳಿ ಲೆಕ್ಕ ಹಾಕುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಕೇಸ್ಕರ್ ಕೊನೆಗೆ ಮಣಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಗಿ ಸಿನಿಮಾ ಹಾಡು ವಾಪಸ್ ಬಂತು.

ಇಷ್ಟನ್ನೇ ಹೇಳಿ ನಗುವುದು ಸುಲಭ. ಕಲಾವಿದರನ್ನು ಆಡಿಷನ್ ಮಂಡಳಿಯ ಮುಂದೆ ಹಾಡಿಸಿ ಗ್ರೇಡ್ ಕೊಡುವ ಪದ್ಧತಿಯನ್ನು ದೇಶದಾದ್ಯಂತ ಬಿಗಿಗೊಳಿಸಿದವರೂ ಅವರೇ. ಹೆಸರಾಂತ ಉಸ್ತಾದರು ಮುನಿಸಿಕೊಂಡರು ನಿಜ. ಆದರೆ ಶಿಫಾರಸಿಲ್ಲದ ಹುಡುಗ, ಹುಡುಗಿಯರಿಗೆ ಒಂದು ಬಾಗಿಲು ತೆರೆಯಿತು. ಇಂದಿಗೂ ಆಕಾಶವಾಣಿಯಲ್ಲಿ ಹಾಡಬೇಕಾದರೆ ಆಡಿಷನ್ ಪಾಸಾಗಬೇಕು. ಸಿನಿಮಾ ಹಾಡಿಗೆ ಬದಲಾಗಿ ಕೇಂದ್ರಗಳಲ್ಲಿ ಸುಗಮ ಸಂಗೀತ ಸಿದ್ಧಪಡಿಸುವ ಏರ್ಪಾಡು ಆಯಿತು. ಕನ್ನಡದ ಭಾವಗೀತೆಗಳು ಎಷ್ಟೋ ಮನೆಗಳನ್ನು ತಲುಪಿದ್ದು ಆ ಹಾದಿಯಲ್ಲಿ. ಮೈಸೂರಿನ ಕೇಂದ್ರ ಬೆಂಗಳೂರಿಗೆ ಬಂದದ್ದು 1955ರಲ್ಲಿ, ಅವರ ಅವಧಿಯಲ್ಲೇ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ್ದ ಪುಟ್ಟ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶದ ರೇಡಿಯೊಗೆ ಅಧಿಕೃತವಾಗಿ ಬಂದದ್ದೂ ಆಗಲೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಬರೆದಿಟ್ಟುಕೊಳ್ಳಬಹುದು.

1962ರ ಚುನಾವಣೆಯಲ್ಲಿ ಕೇಸ್ಕರ್ ಸೋತರು, ಖಾತೆಯೂ ಹೋಯಿತು. ಆಮೇಲೆ ನ್ಯಾಷನಲ್ ಬುಕ್ ಟ್ರಸ್ಟಿನ ಅಧ್ಯಕ್ಷರಾಗಿದ್ದರು. 1984ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ವಿವಿಧ ಭಾರತಿ ಸಿನಿಮಾ ಹಾಡುಗಳ ನಡುವೆ ಜಾಹೀರಾತು ಪ್ರಸಾರ ಮಾಡಲು ಶುರುಮಾಡಿ ಹದಿನೇಳು ವರ್ಷವಾಗಿತ್ತು.